ಅಜವಾನದ ಡಬ್ಬಿಯೊಳಗಿನ ತುಂಡು

ಮುಚ್ಚಳ ತೆಗೆದರೆ ಇವತ್ತಿಗೂ ಮೊದಲು ಬರುವುದು ಅಜವಾನದ ವಾಸನೆ. ಮೂಗಿನ ತುದಿಯನ್ನು ಚುರ್ರೆನಿಸಿ, ಆಮೇಲೆ ಗಂಟಲಿಗಿಳಿದು ಬೆಚ್ಚಗಾಗುವ ವಾಸನೆ. ಆ ತಗಡಿನ ಡಬ್ಬಿಯಲ್ಲಿ ಅಜವಾನ ತುಂಬಿ ಅರವತ್ತು ವರ್ಷವಾಗುತ್ತ ಬಂತು. ಇವತ್ತು ಬೆಳಿಗ್ಗೆ ತೆಗೆದಾಗ ಅದರಲ್ಲಿದ್ದದ್ದು ಅಂಗೈಯಗಲದ ಒಂದೇ ಒಂದು ಬಟ್ಟೆಯ ತುಂಡು. ಹೊದೆಯುವ ಕೌದಿಗೆಂದು ನಾನು ಕೂಡಿಟ್ಟ ಚೂರುಬಟ್ಟೆಗಳಿಗೆ ನನ್ನ ಕೋಣೆಯ ಕಪಾಟಿನಲ್ಲಿ ಬೇರೆ ಹತ್ತು ಡಬ್ಬಿಗಳಿವೆ. ಐಸ್‌ಕ್ರೀಮು ಬಂದ ಪ್ಲಾಸ್ಟಿಕ್ ಡಬ್ಬಿಗಳು, ಮಿಠಾಯಿಯ ರಟ್ಟಿನ ಪೆಟ್ಟಿಗೆಗಳು, ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಎರಡು ಬಕೀಟು. ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ. ಅಂಚೆ ಕಚೇರಿಯಲ್ಲಿ ಊರೂರಿನ ಪತ್ರ ವಿಂಗಡಿಸುತ್ತ ಮೂವತ್ತು ವರ್ಷ ಕಳೆದವಳು ನಾನು. ಐದಕ್ಕೆ ಏಳುವುದು, ಹತ್ತರಿಂದ ಹನ್ನೊಂದರವರೆಗೆ ಹೊಲಿಗೆ, ಹನ್ನೊಂದಕ್ಕೆ ಸೂಜಿ ಅದರ ಜಾಗಕ್ಕೆ. ಈ ಶಿಸ್ತು ಈಗಲೂ ತಪ್ಪಿಲ್ಲ. ಚೀಟಿಯಿಲ್ಲದ ಡಬ್ಬಿ ಇದೊಂದೇ.

ಅದು ಕುಷ್ಟಗಿಯ ನಮ್ಮ ಮನೆಯಿಂದ ಬಂದದ್ದು. ಆ ಮನೆ ಈಗಿಲ್ಲ. ಅಣ್ಣತಮ್ಮಂದಿರು ಪಾಲಾದ ಮೇಲೆ ಅಲ್ಲಿ ಮೂರು ಅಂಗಡಿಗಳೆದ್ದವು. ನಮ್ಮ ಪಡಸಾಲೆಯಿದ್ದ ಜಾಗದಲ್ಲಿ ಇವತ್ತು ಮೊಬೈಲ್ ರಿಪೇರಿಯ ಹುಡುಗ ಕೂರುತ್ತಾನೆ. ನೀವೂ ಹುಟ್ಟಿದ ಮನೆಯ ಮುಂದೆ ಹೀಗೇ ಗಿರಾಕಿಯ ಹಾಗೆ ನಿಂತು ಬಂದಿದ್ದೀರಾದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಕತ್ತಲೆ ಕೋಣೆಯಿತ್ತು. ಅದು ಆಯಿಯ ರಾಜ್ಯ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಯಾವ ಡಬ್ಬಿಯನ್ನೂ ಆಕೆ ಹೊರಗೆ ಎಸೆದದ್ದು ನಾನು ನೋಡಿಲ್ಲ. ತಳ ತುಕ್ಕು ಹಿಡಿದ ಇಂಗಿನ ಡಬ್ಬಿ, ಮುಚ್ಚಳ ಸೊಟ್ಟಗಾದ ಚಹಾಪುಡಿಯ ಡಬ್ಬಿ, ಸೀಳು ಬಿಟ್ಟ ಉಪ್ಪಿನಕಾಯಿ ಭರಣಿ, ಬೆಲ್ಲದ ಗಡಿಗೆ, ಗುರೆಳ್ಳು ಪುಡಿಯ ಡಬ್ಬಿ, ಎಲ್ಲವೂ ಕೆಲಸ ಬಿಟ್ಟ ಮೇಲೆ ಅಡುಗೆಮನೆಯಿಂದ ಆ ಕೋಣೆಗೆ ಬಂದು ಸಾಲಾಗಿ ಕೂರುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಹಳೆಯ ಸೀರೆ, ಕುಪ್ಪಸ, ಧೋತರಗಳ ಚೂರುಗಳು. ನೀರು ನಿಲ್ಲದ್ದರಲ್ಲಿ ಅರಿವೆ ನಿಲ್ಲುತ್ತದೆ ಎಂಬುದು ಆಕೆಯ ಲೆಕ್ಕ.

ಆ ವರ್ಷ ನನಗೆ ಒಂಬತ್ತು. ಅಪ್ಪನ ತಂಗಿ ಗಿರಿಜಾ ಅತ್ತೆ ಯಲಬುರ್ಗಾದ ಗಂಡನ ಮನೆಯಿಂದ ಹೆರಿಗೆಗೆಂದು ಬಂದಿದ್ದಳು. ಅದಕ್ಕೆ ಮೊದಲು ಎರಡು ಸಲ ಹೀಗೆಯೇ ಬಂದು, ಎರಡು ಸಲವೂ ಬರಿಗೈಯಲ್ಲಿ ಹಿಂದಿರುಗಿದ್ದಳು. ಈ ಸಲ ಆಯಿ ಹಟ ತೊಟ್ಟಿದ್ದಳು. ಕೂಸು ಉಳಿಯದ ಮನೆಯಲ್ಲಿ, ಮಕ್ಕಳನ್ನು ಬದುಕಿಸಿಕೊಂಡ ಐದು ಜನ ತಾಯಂದಿರಿಂದ ಸೆರಗೊಡ್ಡಿ ಬಟ್ಟೆ ಬೇಡಿ ತಂದು ಕೌದಿ ಹೊಲಿಯುವುದು ನಮ್ಮ ಕಡೆಯ ಪದ್ಧತಿ. ಒಬ್ಬರನ್ನು ಒಮ್ಮೆಯೇ ಬೇಡಬೇಕು, ಎರಡನೆಯ ಸಲ ಕೇಳುವಂತಿಲ್ಲ. ಆಯಿ ಐದೂ ಕಡೆ ಹೋಗಿ ಬಂದಳು. ಅವ್ವನ ಸೀರೆಯ ತುಂಡುಗಳು ಬೆಲ್ಲದ ಗಡಿಗೆಯಲ್ಲಿ, ಪಕ್ಕದ ಮನೆಯ ಕಾಸೀಂಬಿಯದು ಚಹಾದ ಡಬ್ಬಿಯಲ್ಲಿ, ಉಳಿದ ಮೂವರದು ಇಂಗು, ಗುರೆಳ್ಳು, ಉಪ್ಪಿನಕಾಯಿಯ ಪಾಲಾದವು. ಇವುಗಳಿಂದ ದೂರ, ಮೂಲೆಯಲ್ಲಿ ಅಜವಾನದ ಡಬ್ಬಿಯಿತ್ತು. ಬಾಣಂತಿಗೆಂದು ತಂದ ಅಜವಾನ ಖರ್ಚಾಗದೆ ಮುಗ್ಗಿದ ಮೇಲೆ ಅದನ್ನು ಸುರಿದು, ಆ ಎರಡು ಕೂಸುಗಳಿಗೆಂದು ಅತ್ತೆ ಹೊಲಿದಿದ್ದ, ತಲೆ ಬೆನ್ನು ಮುಚ್ಚುವ ಕುಂಚಿಗೆಗಳನ್ನು ಬಿಚ್ಚಿ ಆಯಿ ಅದರಲ್ಲಿಟ್ಟಿದ್ದಳು. ಒಟ್ಟು ಒಂಬತ್ತು ತುಂಡು. ಎಸೆಯಲು ಮನಸ್ಸು ಬಾರದು. ಆದರೆ ಬರುವ ಕೂಸಿನ ಕೌದಿಗೆ ಅದರ ಒಂದು ಎಳೆಯೂ ಸೋಕಬಾರದು.

ಇದೊಂದೂ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅಪ್ಪನ ಶಿಸ್ತು. ರವಿವಾರ ಮಕ್ಕಳೆಲ್ಲ ಒಂದೊಂದು ಕೋಣೆ ಹಸನು ಮಾಡಬೇಕು, ಅಪ್ಪ ಬಂದು ಗೂಡುಗಳ ಮೇಲೆ ಬೆರಳಾಡಿಸಿ ನೋಡಬೇಕು, ಶಹಬ್ಬಾಸ್ ಎನ್ನಬೇಕು. ಒಂದು ರವಿವಾರ ಆಯಿ ಸಂತೆಗೆ ಹೋದಳು. ನಾನು ಕತ್ತಲೆ ಕೋಣೆಗೆ ನುಗ್ಗಿ ಎಲ್ಲ ಡಬ್ಬಿಗಳನ್ನೂ ಪಡಸಾಲೆಗೆ ತಂದು ಸುರುವಿದೆ. ಒಂದೊಂದರಲ್ಲೂ ಕೆಂಪು, ಹಸಿರು, ಹಳದಿ ಎಲ್ಲ ಕಲೆತಿರುವುದು ಕಂಡು, ಇದೆಂಥ ಅವ್ಯವಸ್ಥೆ ಎಂದುಕೊಂಡೆ. ಕೆಂಪನ್ನೆಲ್ಲ ಭರಣಿಗೆ, ಹಸಿರನ್ನೆಲ್ಲ ಇಂಗಿನ ಡಬ್ಬಿಗೆ, ಹಳದಿಯನ್ನೆಲ್ಲ ಬೆಲ್ಲದ ಗಡಿಗೆಗೆ, ಹೀಗೆ ಬಣ್ಣದ ಪ್ರಕಾರ ಮಡಚಿ, ಒತ್ತಿ, ಬಿಗಿಯಾಗಿ ಮುಚ್ಚಿದೆ. ಅಪ್ಪ ಶಹಬ್ಬಾಸ್ ಎಂದ. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ವಿಂಗಡಣೆ ಅದು, ಅತ್ಯಂತ ಕೆಟ್ಟದ್ದೂ ಅದೇ.

ಸಂತೆಯಿಂದ ಬಂದ ಆಯಿ ಚೀಲ ಇಳಿಸಿ ಕೋಣೆಗೆ ಹೋದಳು. ಆಕೆಯ ಎರಡೂ ಕಣ್ಣಿಗೆ ಆಗ ಪೊರೆ ಬಂದಿತ್ತು. ಬಣ್ಣ ಕಾಣುತ್ತಿರಲಿಲ್ಲ, ಕೈಯೇ ಕಣ್ಣು. ಒಂದು ಡಬ್ಬಿಗೆ ಕೈ ಹಾಕಿದಳು, ಒಂದು ಚೂರು ತೆಗೆದು ಮೂಗಿಗೆ ಹಿಡಿದಳು, ಇನ್ನೊಂದು ತೆಗೆದು ಹಿಡಿದಳು. ಆಮೇಲೆ ಗೋಡೆಗೆ ಒರಗಿ ಕುಳಿತಳು. ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ.

“ಬಣ್ಣ ನೋಡಿ ಇಟ್ಟಿ ಏನವಾ? ಕೆಂಪು ಎಲ್ಲಾರ ಮನ್ಯಾಗೂ ಐತಿ” ಎಂದಳು. ಮರುಕ್ಷಣವೇ ಎದ್ದಳು. “ಲಗೂನ ಎಲ್ಲಾ ಮುಚ್ಚಳಾ ತಗಿ. ಒಂದರ ವಾಸನಿ ಒಂದಕ್ಕ ಹತ್ತೂದರಾಗ ಮುಗೀಬೇಕು.”

ಆಗ ನನಗೆ ತಿಳಿಯಿತು, ಆಯಿಯ ಚೀಟಿಗಳು ಎಲ್ಲಿದ್ದವೆಂದು. ಪಡಸಾಲೆಯಲ್ಲಿ ಬಿಳಿ ಧೋತರ ಹಾಸಿ ಅಷ್ಟೂ ಚೂರುಗಳನ್ನು ಹರವಿದೆವು. ನಾನು ಒಂದೊಂದನ್ನೇ ಎತ್ತಿ ಕೊಡುವುದು, ಆಕೆ ಕಣ್ಣು ಮುಚ್ಚಿ ಮೂಸಿ ಹೇಳುವುದು, ನಾನು ಅದನ್ನು ಅದರ ಡಬ್ಬಿಗೆ ಸೇರಿಸುವುದು. ಮೂಗು ಮಂಕಾದಾಗ ಹಿಡಿ ಜೋಳದ ಹಿಟ್ಟು ತರಿಸಿ ಅದನ್ನು ಮೂಸಿ, ಉಸಿರು ತೊಳೆದುಕೊಂಡವಳಂತೆ ಮತ್ತೆ ಕೈ ಚಾಚುತ್ತಿದ್ದಳು. ನಾನು ಕಳ್ಳಗಣ್ಣಿನಿಂದ ಪರೀಕ್ಷೆ ಮಾಡಿದೆ. ಅವ್ವನ ಸೀರೆಯ ಕೆಂಪು-ಬಿಳಿ ಪಟ್ಟಿಯ ಟೋಪ ಸೆರಗಿನ ಚೂರು ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಸುಮ್ಮನೆ ನಡುವೆ ಸೇರಿಸಿ ಕೊಟ್ಟೆ. ಆಯಿ ಮೂಸಿ, “ಬೆಲ್ಲ. ನಿಮ್ಮವ್ವಂದು. ನನ್ನ ಪರೀಕ್ಷಾ ಮಾಡಬ್ಯಾಡ” ಎಂದಳು. ಗದ್ದಲ ಕೇಳಿ ಕಾಸೀಂಬಿ ಬಂದು ಬಾಗಿಲಲ್ಲಿ ನಿಂತಳು.

“ಏನ್ ಬಸವ್ವಕ್ಕಾ, ಅರಿವಿ ಮೂಸಿ ಮೂಸಿ ಇಡಾಕತ್ತೀರಿ, ಸಾರಿಗೆ ಹಾಕಾವ್ರೇನ್ರಿ?”

“ನಿಂದು ಚಹಾಕ್ಕ ಹಾಕ್ತೀನಿ, ಹಾಲು ತಗೊಂಡ್ ಬಾ” ಎಂದಳು ಆಯಿ, ಕಣ್ಣು ತೆರೆಯದೆ.

ಹೊತ್ತು ಇಳಿಯುವಷ್ಟರಲ್ಲಿ ಐದು ಮನೆಯ ಬಟ್ಟೆಯೂ ಐದು ಡಬ್ಬಿಗೆ ಮರಳಿತ್ತು. ಅಜವಾನದ್ದು ಎಂಟು ತುಂಡು ಸಿಕ್ಕಿದ್ದವು. ಒಂಬತ್ತನೆಯದು ಕೈಯಲ್ಲೇ ಉಳಿಯಿತು, ಒಂದು ಹಳದಿ ತುಂಡು. ನಾನು ಅದನ್ನು ಬೆಲ್ಲದ ಗಡಿಗೆಯ ತಳಕ್ಕೆ ಒತ್ತಿದ್ದರಿಂದ ಅದಕ್ಕೆ ಎರಡೂ ವಾಸನೆ ಹತ್ತಿತ್ತು. ಅವ್ವನ ಸೀರೆಗಳಲ್ಲೂ ಒಂದು ಅದೇ ಹಳದಿಯದಿತ್ತು. ಆಯಿ ಮೂಸಿದಳು, ಹಿಟ್ಟು ಮೂಸಿದಳು, ಮತ್ತೆ ಮೂಸಿದಳು. ತಪ್ಪಿದರೆ ಏನಾದೀತೆಂದು ಹೆದರಿ ಯಾವ ಡಬ್ಬಿಗೂ ಹಾಕದೆ ಹಿಡಿದುಕೊಂಡೇ ಕುಳಿತಳು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದಳು. ಆಕೆಗೆ ಆ ಡಬ್ಬಿಯ ಸುದ್ದಿಯೇ ತಿಳಿಯಬಾರದೆಂದು ಮನೆಯ ಹಿರಿಯರೆಲ್ಲ ಎರಡು ವರ್ಷ ಮುಚ್ಚಿಟ್ಟಿದ್ದರು. ಸೊಂಟಕ್ಕೆ ಕೈಯಿಟ್ಟು ನಿಧಾನವಾಗಿ ಕುಳಿತು, ಆಯಿಯ ಕೈಯಿಂದ ತುಂಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಬಿಚ್ಚಿದ ಹೊಲಿಗೆಯ ಸಣ್ಣ ತೂತುಗಳ ಸಾಲು. ನಾನು ಅದನ್ನು ನೋಡಿಯೂ ಹಳೆಯ ಬಟ್ಟೆ ಜಾಳಾಗಿದೆಯೆಂದು ಬಿಟ್ಟಿದ್ದೆ.

“ಯವ್ವಾ, ಇವು ನನ್ನ ಸೂಜಿ ತೂತು. ಇಷ್ಟು ಸಣ್ಣಗ ಈ ಮನ್ಯಾಗ ಮತ್ಯಾರು ಹೊಲಿತಾರ?”

ಕಾಸೀಂಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಯಿ ಕೈ ಚಾಚಿ ತುಂಡನ್ನು ಅಜವಾನದ ಡಬ್ಬಿಗೆ ಹಾಕಲು ಹೋದಳು. ಅತ್ತೆ ಕೊಡಲಿಲ್ಲ.

ಕೌದಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ನಾಲ್ಕೂ ಅಂಚಿನಿಂದ ಹೊಲಿಯುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಖಾಲಿ ಮುಚ್ಚಬಾರದೆಂದು ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಹೊಲಿಯುತ್ತಾರೆ. ಎಂಟು ಹತ್ತು ದಿನಗಳ ಮೇಲೆ ಆ ಕೌದಿಯ ಹೊಟ್ಟೆ ಮುಚ್ಚುವ ಹೊತ್ತು ಬಂದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ ಅದೇ ಹಳದಿ ತುಂಡನ್ನು ತೆಗೆದಳು. ಆಯಿ ಬೇಡವೆಂದಳು, ಕಾಲಿಗೆ ಬೀಳುತ್ತೇನೆಂದಳು.

“ಆ ಎರಡು ಕೂಸು ಇನ್ನ ಎಲ್ಲಿಗೆ ಹೋಗಬೇಕವಾ?” ಎಂದಳು ಅತ್ತೆ. “ತಮ್ಮನೋ ತಂಗಿನೋ ಬರಾಕತ್ತೈತಿ. ಒಳಗ ಕುಂತು ಕಾಯ್ಲಿ.”

ಕೊನೆಗೆ ಆಯಿ ರೊಟ್ಟಿಯ ಚೂರು ಮುರಿದು ಅತ್ತೆಯ ಕೈಗಿಟ್ಟು, “ನೀನ ಇಡು” ಎಂದಳು. ರೊಟ್ಟಿಯನ್ನು ಹಳದಿ ತುಂಡಿನಲ್ಲಿ ಸುತ್ತಿ ಅತ್ತೆ ಒಳಗಿಟ್ಟಳು. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನು.

ಹುಟ್ಟಿದ್ದು ಹೆಣ್ಣು. ಹುಟ್ಟಿದ ಕೂಡಲೆ ಎಂಥ ಕಿರುಚು ಕಿರುಚಿತೆಂದರೆ, ಹೊರಗೆ ಕಟ್ಟೆಯ ಮೇಲಿದ್ದ ಅಪ್ಪ, ಜೀವನದಲ್ಲೇ ಮೊದಲ ಸಲ, ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದ. ಆ ಕೂಸೇ ನಮ್ಮ ನಾಗವೇಣಿ. ಗಂಗಾವತಿಯಲ್ಲಿದ್ದಾಳೆ. ಹತ್ತಿರದ ಮರಳಿ ಊರಿನ ಗದ್ದೆಗಳಲ್ಲಿ ತಾನೇ ನಿಂತು ಭತ್ತದ ನಾಟಿ ಮಾಡಿಸುತ್ತಾಳೆ. ಆ ಕಿರುಚು ಇನ್ನೂ ಹಾಗೇ ಇದೆ, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕು.

ಆಯಿ ಹೋದಳು, ಅತ್ತೆಯೂ ಹೋದಳು. ಅತ್ತೆ ಹೋಗುವ ಮುಂಚೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಮ್ಮ ಬಳಗದಲ್ಲಿ ಯಾರಿಗೆ ಕೂಸು ಹುಟ್ಟಿದರೂ ಕೌದಿ ಹೊಲಿಯುವವಳು ನಾನು. ಬಟ್ಟೆ ಪ್ಲಾಸ್ಟಿಕ್ ಡಬ್ಬಿಗಳಿಂದ ಬರುತ್ತದೆ, ಹೊಟ್ಟೆಗೆ ಮಾತ್ರ ಈ ಡಬ್ಬಿಯ ಒಂದು ತುಂಡು, ಒಳಗೆ ರೊಟ್ಟಿ. ಹೀಗೆ ಏಳು ಕೌದಿಗಳಾದವು. ಏಳು ಮಕ್ಕಳೂ ಬೆಳೆದು ಒಬ್ಬೊಬ್ಬರು ಒಂದೊಂದು ಎತ್ತರ ಆಗಿದ್ದಾರೆ.

ಹೋದ ವಾರ ನಾಗವೇಣಿಗೆ ಮೊಮ್ಮಗಳು ಹುಟ್ಟಿದಳು. ಅದಕ್ಕೇ ಇವತ್ತು ಹತ್ತು ಗಂಟೆಗೆ ಸರಿಯಾಗಿ ಮುಚ್ಚಳ ತೆಗೆದೆ. ಎಂಟನೆಯ ತುಂಡು, ಕೊನೆಯದು. ಕೆಂಪು ಇದ್ದದ್ದು ಈಗ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಅಂಚಿನ ತೂತುಗಳು ಮಾತ್ರ ಒಂದೂ ಅಳಿಸಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಅಷ್ಟು ಸಣ್ಣಗೆ ಹೊಲಿಯಲು ನನಗೆ ಈ ವಯಸ್ಸಿಗೂ ಬಂದಿಲ್ಲ. ರೊಟ್ಟಿ ಸುತ್ತಿ, ಒಳಗಿಟ್ಟು, ಆಗಲೇ ಸುತ್ತೆಲ್ಲ ಹೊಲಿದಿಟ್ಟಿದ್ದ ಕೌದಿಯ ಹೊಟ್ಟೆ ಮುಚ್ಚಿದೆ. ಹನ್ನೊಂದಾಯಿತು. ಸೂಜಿ ಅದರ ಜಾಗಕ್ಕೆ ಹೋಯಿತು. ಖಾಲಿ ಡಬ್ಬಿಯನ್ನು ಒಮ್ಮೆ ಮೂಸಿ, ಮುಚ್ಚಳ ಬಿಗಿದು, ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟೆ.