ಮೊದಲ ಕೊಳವೆಯ ರಕ್ತ

ಬಿಶ್ಕೆಕ್‌ನ ಆಸ್ಪತ್ರೆಯಲ್ಲಿ ನರ್ಸ್ ಬುರುಲ್ಚಾಳ ಕೈ ಹಗುರ ಎಂದು ಹೆಸರಾಗಿತ್ತು. ಅವಳು ಸೂಜಿ ಚುಚ್ಚಿದರೆ ಮಕ್ಕಳೂ ಅಳುತ್ತಿರಲಿಲ್ಲ. ರಕ್ತದ ಕೋಟಿಗಟ್ಟಲೆ ಕಣಗಳ ನಡುವೆ ಅಡಗಿ ಕೂತ ಒಂದೆರಡು ಕ್ಯಾನ್ಸರ್ ಕಣಗಳನ್ನೂ ಹೆಕ್ಕಿ ತೋರಿಸುವ ಯಂತ್ರ ಬಂದಾಗ, ಅದಕ್ಕೆ ರಕ್ತ ತೆಗೆಯುವ ಕೆಲಸ ಅವಳ ಪಾಲಿಗೇ ಬಂತು.

ಆ ಕೆಲಸಕ್ಕೊಂದು ಕಟ್ಟಳೆ. ಮೊದಲ ಕೊಳವೆಯ ರಕ್ತವನ್ನು ಯಂತ್ರಕ್ಕೆ ಕೊಡಬಾರದು. ಸೂಜಿ ಒಳಹೊಗುವಾಗ ಚರ್ಮದ ಕಣಗಳೂ ಜೊತೆಗೆ ಬರುತ್ತವೆ. ಯಂತ್ರ ಅವನ್ನೇ ರೋಗವೆಂದು ಹಿಡಿದುಬಿಡಬಹುದು. ಮೊದಲನೆಯದು ಕಸದ ಡಬ್ಬಿಗೆ, ಎರಡನೆಯದು ಯಂತ್ರಕ್ಕೆ.

ಆ ಚಳಿಗಾಲ ನರೀನ್ ಕಡೆಯ ಮುದುಕಿ ಬಾತ್ಮಕಾನ್ ಹಿಮದ ಘಾಟಿ ದಾಟಿ, ವಾಸಿಯಾದ ರೋಗ ಮರಳಿದೆಯೇ ಎಂಬ ತಪಾಸಣೆಗೆ ಬಂದಳು. ಹಿಂದೆ ಎದೆಯ ಕ್ಯಾನ್ಸರಿಗೆ ಔಷಧಿ ಏರಿಸಿ ಏರಿಸಿ ಅವಳ ನರಗಳು ಬತ್ತಿಹೋಗಿದ್ದವು. ಎಷ್ಟೋ ಚುಚ್ಚಿದ ಮೇಲೆ ಒಂದು ಕೊಳವೆ ತುಂಬಿತು, ಅಷ್ಟಕ್ಕೇ ರಕ್ತ ನಿಂತಿತು.

"ನಮ್ಮ ಕುದುರೆಗೂ ಇಷ್ಟು ಚುಚ್ಚಲ್ಲ ಮಗಳೇ. ಇನ್ನು ನನ್ನೊಳಗೆ ಇರೋದು ಬರೀ ಚಹಾ," ಎಂದಳು ಮುದುಕಿ.

ಬುರುಲ್ಚಾ ನಕ್ಕಳು. ನೀಲಿಗಟ್ಟಿದ ಆ ತೋಳಿಗೆ ಇನ್ನೊಮ್ಮೆ ಚುಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಮೊದಲ ಕೊಳವೆಯನ್ನೇ ಎರಡನೆಯದರ ಜಾಗದಲ್ಲಿಟ್ಟು ಕಳಿಸಿಬಿಟ್ಟಳು.

ಯಂತ್ರ ಕಣಗಳನ್ನು ಹಿಡಿಯಿತು. ಅಲ್ಲಿ ಇಂಥ ಸುದ್ದಿಯನ್ನು ರೋಗಿಗೆ ನೇರ ಹೇಳುವವರಿಲ್ಲ. ಡಾಕ್ಟರ್ ಜಾನಿಲ್ ಮುದುಕಿಯ ಮಗನನ್ನು ಕರೆದು ಹೇಳಿ, ಸ್ಕ್ಯಾನಿಂಗಿಗೆ ಕರೆತರಲು ತಿಳಿಸಿದಳು. ಮಗ ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ರೋಗ ಮರಳಿದೆ ಎಂದುಕೊಳ್ಳಲು ಅವನು ಸುಮ್ಮನಿದ್ದದ್ದೇ ಅವಳಿಗೆ ಸಾಕಾಯಿತು. ಆಸ್ಪತ್ರೆಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಹಟ ಹಿಡಿದು ಕೂತಳು.

ಬುರುಲ್ಚಾಳಿಗೆ ಇದು ತಿಳಿದದ್ದು ಮಗ ಒಂದು ಗಂಟು ತಂದಾಗ. ಒಳಗೆ ಹೂವಿನ ಬಟ್ಟೆಯ ಹರಿದ ತುಂಡು. ತುಂಬು ಬಾಳು ಬಾಳಿದವರು ಸತ್ತಾಗ ಬಂದವರಿಗೆಲ್ಲ ಹಂಚುವಂಥದ್ದು. ಮುದುಕಿ ತನ್ನ ಸಾವಿಗೆ ಹಂಚುವುದನ್ನು ತಾನೇ ಹರಿದಿಟ್ಟುಕೊಳ್ಳುತ್ತಿದ್ದಳು. "ಹಗುರ ಕೈಯವಳು ಅಷ್ಟು ದೂರ ಬರೋಕಾಗಲ್ಲ, ಅವಳ ಪಾಲು ಈಗ್ಲೇ ಕೊಟ್ಬಿಡು ಅಂದ್ಲು ಅಮ್ಮ," ಎಂದ ಅವನು.

ಬುರುಲ್ಚಾ ಆ ಬಟ್ಟೆ ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದಳು. "ಒಂದು ಚುಚ್ಚು ಉಳಿಸ್ದೆ ಅಂತ ಅಂದ್ಕೊಂಡ್ಯಾ?" ಎಂದಷ್ಟೇ ಕೇಳಿ ಜಾನಿಲ್ ಹೊಸ ಕೊಳವೆಗಳನ್ನು ಕೈಗಿತ್ತಳು.

ಅಂದೇ ಬುರುಲ್ಚಾ ಆ ಮಗನ ಗಾಡಿಯಲ್ಲಿ ಘಾಟಿ ದಾಟಿದಳು. ಮುದುಕಿ ಒಲೆಯ ಮುಂದೆ ಬಟ್ಟೆ ಮಡಚುತ್ತಿದ್ದಳು; ಬುರುಲ್ಚಾಳನ್ನು ಕಂಡು ಹಿಗ್ಗಿ ಅರ್ಧ ಬಟ್ಟಲು ಚಹಾ ಸುರಿದಳು, ಬೇಕಾದವರಿಗೆ ಸುರಿಯುವ ಹಾಗೆ.

"ಅಮ್ಮಾ, ತಪ್ಪು ನಂದು. ಚೆಲ್ಲಬೇಕಾದ ರಕ್ತಾನೇ ಕಳಿಸಿದ್ದೆ. ನಿಮಗೆ ರೋಗ ಮರಳಿದೆಯೋ ಇಲ್ವೋ, ಆ ಯಂತ್ರ ಇನ್ನೂ ಹೇಳೇ ಇಲ್ಲ."

ಬಾತ್ಮಕಾನ್ ಬಟ್ಟಲು ಹಿಂದಕ್ಕೆ ತೆಗೆದುಕೊಂಡು ಅಂಚಿನವರೆಗೂ ತುಂಬಿಸಿ ಇಟ್ಟಳು. ಕುಡಿದು ಎದ್ದು ಹೋಗು ಎಂದು ಅತಿಥಿಗೆ ಹೇಳುವ ರೀತಿ ಅದು. ಬುರುಲ್ಚಾ ತಲೆ ತಗ್ಗಿಸಿ ಕೂತೇ ಇದ್ದಳು. ಕೊನೆಗೆ ಮುದುಕಿ ತಾನಾಗಿ ಅಂಗಿಯ ತೋಳು ಮಡಚಿ ಕೈ ಚಾಚಿದಳು.

ಈ ಸಲ ಎರಡನೆಯ ಕೊಳವೆಯ ರಕ್ತ ಯಂತ್ರಕ್ಕೆ ಹೋಯಿತು; ಕಣಗಳು ಸಿಗಲಿಲ್ಲ. ತಪಾಸಣೆ ಮಾತ್ರ ನಡೆಯುತ್ತಲೇ ಇರಲಿ ಎಂದಳು ಜಾನಿಲ್.

ಬೇಸಿಗೆಯಲ್ಲಿ ಬಾತ್ಮಕಾನ್ ಮತ್ತೆ ಬಂದಳು. ಬುರುಲ್ಚಾ ಆ ಬಟ್ಟೆಯ ತುಂಡನ್ನು ಮುಂದೆ ಹಿಡಿದರೆ, ಕೊಟ್ಟದ್ದನ್ನು ವಾಪಸ್ ತಗೊಳ್ಳಲ್ಲ ಎಂದು ಮುದುಕಿ ಕೈಯಲ್ಲಾಡಿಸಿದಳು. ಕುದುರೆಯ ಮಾತಿಲ್ಲ, ಚಹಾದ ಮಾತಿಲ್ಲ. ಮೊದಲ ಕೊಳವೆ ಕಸದ ಡಬ್ಬಿಗೆ ಬೀಳುವವರೆಗೂ ಕಣ್ಣು ಕೀಳದೆ ನೋಡಿದಳು.