ಬೆಂಡಿನ ಮೇಲಿನ ಅಕ್ಷರ

ಆಗಿನ್ನೂ ನಮ್ಮ ಕಡೆ ಮೊಬೈಲು ಬಂದಿರಲಿಲ್ಲ. ಕಡಲು ಎಷ್ಟು ಹತ್ತಿರ ಬಂತು ಎಂಬುದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿಯೇ ತಿಳಿಯಬೇಕಿತ್ತು. ಬೀಜಾಡಿಯ ದಡದಲ್ಲಿ ಒಂದು ಮಳೆಗಾಲ ಆ ಕಿಟಕಿಯೇ ಕಡಲಿಗೆ ಹೋಯಿತು, ಹಿಂದೆಯೇ ಮನೆಯೂ. ನಾಲ್ಕು ಮೀನುಗಾರ ಕುಟುಂಬದವರು ಚಾಪೆ, ಪಾತ್ರೆ, ಬಲೆ ಹೊತ್ತು ಶಾಲೆಯ ಹಾಲ್ ಸೇರಿದೆವು. ನಾವು ಒಣಮೀನು ಸುಟ್ಟರೆ ಹೆಡ್‌ಮಾಷ್ಟ್ರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಅವರೇ ಬಂದು ಒಂದು ತುಂಡು ಕೇಳುತ್ತಿದ್ದರು.

ನಾನು ಎಂಟು ವರ್ಷದ ಹುಡುಗಿ. ಹಿಂದಿನ ಎರಡು ವರ್ಷವೂ ಕಡಲಿಗೆ ಹೆದರಿ ಅಜ್ಜಿಮನೆ, ಅತ್ತೆಮನೆ ಎಂದು ಅಲೆದದ್ದರಲ್ಲಿ ಶಾಲೆ ತಪ್ಪಿತ್ತು, ಓದಲು ಬರುತ್ತಿರಲಿಲ್ಲ. ಚೌತಿಯೊಳಗೆ ಅಕ್ಷರ ಓದಿ ತೋರಿಸಿದರೆ ಮೂರನೇ ಕ್ಲಾಸು, ಇಲ್ಲವಾದರೆ ಒಂದನೇ ಕ್ಲಾಸು ಎಂದು ತೀರ್ಮಾನವಾಯಿತು. ಒಂದನೇ ಕ್ಲಾಸಿನಲ್ಲಿದ್ದ ನನ್ನ ತಮ್ಮ ಅಂದೇ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಟ್ಟ. ನನಗೆ ಮೈಯೆಲ್ಲ ಉರಿಯಿತು.

ನಮಗೆ ಕಲಿಸಲು ಬಂದ ಟೀಚರ್ ಬಲೆಗಳ ರಾಶಿಯಿಂದ ಹಗುರ ಮರದ ತುಂಡೊಂದನ್ನು ಎತ್ತಿ, "ಇದೆಂತಕ್ಕೆ?" ಎಂದು ಕೇಳಿದರು. ಅದು ಬೆಂಡು, ಬಲೆ ಮುಳುಗದಂತೆ ಹಿಡಿಯುವುದು ಅದೇ ಎಂದೆ. ಮರುದಿನ ಅವರು ದೋಣಿಗೆ ಬಳಿದು ಉಳಿದಿದ್ದ ನೀಲಿ ಪೇಂಟಿನಲ್ಲಿ ಒಂದೊಂದು ಬೆಂಡಿಗೆ ಒಂದೊಂದು ಅಕ್ಷರ ಬರೆದರು. ಬೆಂಡುಗಳನ್ನು ಬೋರಲು ಹರಡಿ, ಹರಿದ ಬೀಸುಬಲೆ ಎಸೆದು, ಸಿಕ್ಕಿದ್ದನ್ನು ತಿರುಗಿಸಿ ಓದುವುದು ಆಟ. ಓದಿದರೆ ನಮ್ಮದು, ಇಲ್ಲವಾದರೆ ವಾಪಸು ಕಡಲಿಗೆ.

"ಎಂತ ಸಿಕ್ತ್, ಕಾಂಬ," ಎನ್ನುತ್ತಿದ್ದರು ಟೀಚರ್.

ಬೆಂಡು ತಿರುಗಿಸುವ ಆ ಒಂದು ಗಳಿಗೆ ನನಗೆ ಎಲ್ಲಿಲ್ಲದ ಕುತೂಹಲ. ಊಟಕ್ಕೆ ಕರೆದರೂ ಇನ್ನೊಂದು ಸಲ ಬೀಸಿಯೇ ಏಳುತ್ತಿದ್ದೆ.

ಓದಿ ತೋರಿಸುವ ದಿನ ಬೆಳಿಗ್ಗೆ ನೋಡಿದರೆ ಬೆಂಡಿನ ಬುಟ್ಟಿ ಖಾಲಿ. ಮಳೆ ಬಿಟ್ಟು ಕಡಲು ಸುಮ್ಮನಾಗಿತ್ತು. ದಡದಿಂದ ಎಳೆಯುವ ಕೈರಂಪಣಿ ಬಲೆಗೆ ಅಪ್ಪಯ್ಯ ಅವನ್ನೆಲ್ಲ ಪೋಣಿಸಿಕೊಂಡು ಹೋಗಿದ್ದರು. ನೀಲಿ ಗೀಟು ಅವರಿಗೆ ಬರೀ ಗೀಟು. ನಾನು ಅಳುತ್ತ ದಡಕ್ಕೆ ಓಡಿದೆ, ಹಿಂದೆ ಟೀಚರ್.

"ಅಪ್ಪಯ್ಯ, ಅದ್ ನನ್ ಅಕ್ಷರ."

"ಬೆಂಡ್ ಇಪ್ಪುದ್ ಬಲಿಗ್ ಕಟ್ಟುಕ್ ಅಲ್ದಾ ಹೆಣೆ?" ಎಂದರು ಅಪ್ಪಯ್ಯ, ಹಗ್ಗ ಬಿಡದೆ.

ಬಲೆ ಆಗಲೇ ನೀರಿನಲ್ಲಿತ್ತು. ಟೀಚರ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದರು. "ಬರ್ಲಿ, ಇಲ್ಲೇ ಓದ್."

ಎಳೆದಂತೆಲ್ಲ ಬೆಂಡುಗಳು ತೆರೆಯ ಮೇಲೆ ಉರುಳುತ್ತ ಬಂದವು. ಒಂದು ಗಳಿಗೆ ಅಕ್ಷರ ಕಾಣುವುದು, ಮಗುಚುವುದು. ಗ, ತ, ರ ಎಂದು ಕೂಗುತ್ತ ಹೋದೆ. ‘ಳ’ ಬಂದಾಗ ತಡವರಿಸಿದೆ. ತೆರೆ ಅದನ್ನು ಮುಳುಗಿಸಿ ಮತ್ತೊಮ್ಮೆ ತೋರಿಸಿತು, ಓದಿದೆ. ಹಗ್ಗ ಎಳೆಯುವವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಯ ಬೆಂಡು ಮರಳು ಮುಟ್ಟಿದಾಗ ಟೀಚರ್, "ನಿಂಗೆ ಮೂರ್ನೇ ಕ್ಲಾಸ್ ಆಯ್ತ್," ಎಂದರು.

ಮೀನು ಬಿಡಿಸುತ್ತಿದ್ದ ಅಪ್ಪಯ್ಯ ಮೆಲ್ಲಗೆ ಕರೆದರು. "ನನ್ ಹೆಸ್ರಿನ್ ಸುರುವಿನ್ ಅಕ್ಷರ ಯಾವ್ದ್?"

ಅವರ ಹೆಸರು ಮಂಜ. ‘ಮ’ ಇದ್ದ ಬೆಂಡು ಹುಡುಕಿ ತೋರಿಸಿದೆ. ಬಹಳ ಹೊತ್ತು ನೋಡಿದರು.

"ನಾಳಿಗ್ ಇನ್ನೊಂದ್ ತೋರ್ಸ್."

"ಆಯ್ತ್," ಎಂದೆ.

ಮರುದಿನ ನನಗೆ ಮೂರನೇ ಕ್ಲಾಸಿನ ಗಡಿಬಿಡಿ. ಅದರ ಮರುದಿನವೂ. ಅವರು ಮತ್ತೆ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ.

ಈಗ ನಮ್ಮ ಆ ದಡದಲ್ಲಿ ಕಲ್ಲಿನ ತಡೆಗೋಡೆ ಇದೆ, ನಿಂತು ಬಲೆ ಎಳೆಯಲು ಮರಳಿಲ್ಲ. ಬೆಂಡುಗಳೂ ಪ್ಲಾಸ್ಟಿಕ್ಕಿನವು. ಅದಕ್ಕೆಲ್ಲ ಬೇಜಾರಿದೆ, ಆದರೆ ಬಿಡದೆ ಕಾಡುವುದು ಬೇರೆಯದು. ಅಪ್ಪಯ್ಯನ ಕಡೆಯ ವರ್ಷ, ಆಸ್ಪತ್ರೆಯಲ್ಲಿ ಆಪರೇಷನ್ನಿನ ಕಾಗದಕ್ಕೆ ಸಹಿ ಕೇಳಿದಾಗ, ಅವರು ಪೆನ್ನು ಹಿಡಿದು ನಿಧಾನವಾಗಿ ಒಂದು ‘ಮ’ ಬರೆದರು. ಬರೆದು, ಮುಂದಿನದು ಯಾವುದು ಎಂಬಂತೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಹೆಬ್ಬೆಟ್ಟಿಗೆ ಇಂಕಿನ ಪ್ಯಾಡ್ ಚಾಚಿದ್ದರು.