ಕಣ್ಣಿನ ಬನ್ನು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದವಳು ನಾನು. ಕನಕಪುರದ ಕಾನ್ವೆಂಟ್ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಕಣ್ಣು ಕಾಯುವ ಕ್ರೈಸ್ತ ಸಂತಮ್ಮನ ಹಬ್ಬವೆಂದು ಅಲ್ಲಿಯ ಸಿಸ್ಟರ್ ಕಣ್ಣಿನ ಆಕಾರದ ಬನ್ನುಗಳನ್ನು ಓವನ್ನಿನಲ್ಲಿ ಬೇಯಿಸಿ, ನಡುವೆ ಒಣದ್ರಾಕ್ಷಿ ಕೂರಿಸಿ, ಜೋಡಿ ಜೋಡಿಯಾಗಿ ಹಂಚಿದರು. ನನ್ನ ಪಾಲನ್ನು ಮನೆಗೆ ತಂದೆ. ಅವ್ವ ಮುಟ್ಟಲಿಲ್ಲ.

"ಯಾರ್ಗೋ ದೃಷ್ಟಿ ತೆಗ್ದಿದ್ನ ನಿಂಗೆ ತಿನ್ನಾಕೆ ಕೊಟ್ಟವ್ರೆ ಕಣೇ. ನಾಳೆಯಿಂದ ಆ ಇಸ್ಕೂಲಿಗೆ ಹೋಗ್ಬ್ಯಾಡ."

ಓದಿದವಳಲ್ಲವೇ, ನಕ್ಕುಬಿಟ್ಟೆ. ಆದರೆ ನಾನೂ ತಿನ್ನಲಿಲ್ಲ. ಆ ಎರಡು ದ್ರಾಕ್ಷಿ ನನ್ನನ್ನೇ ನೋಡುತ್ತಿದ್ದವು.

ಮಾರನೆಯ ಬೆಳಿಗ್ಗೆ ಅವ್ವ ಬನ್ನುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದಳು. ಸಿಸ್ಟರ್ ಎದುರು ಗಂಟು ಬಿಚ್ಚಿ, "ಇದ್ಯಾರ ಕಣ್ಣು ತಾಯಿ?" ಎಂದಳು.

"ಯಾರ್ದೂ ಅಲ್ಲಮ್ಮ. ಕಣ್ಣುನೋವು ಬರದಿರ್ಲಿ ಅಂತ ಸಂತಮ್ಮನ ಹೆಸರಲ್ಲಿ ಮಾಡಿದ್ದು."

"ನಾವೂ ಮಾರಮ್ಮಂಗೆ ಬೆಳ್ಳಿ ಕಣ್ಣು ಒಪ್ಪಿಸ್ತೀವಿ. ಒಪ್ಪಿಸಿದ ಕಣ್ಣ ಯಾರಾದ್ರೂ ತಿಂತಾರಾ?"

ಸಿಸ್ಟರ್ ನಗುತ್ತಾ ಒಂದನ್ನು ಮುರಿದು ತಾವೇ ತಿಂದರು. ಅವರು ನುಂಗುವವರೆಗೂ ಅವ್ವ ಅವರ ಬಾಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಹೋಗಿ ಪಾಠ ಮಾಡು. ನಾನು ಸಂಜೆಗಂಟ ಇವ್ರನ್ನ ನೋಡ್ತಾ ಇಲ್ಲೇ ಕೂತಿರ್ತೀನಿ."